ಮಧ್ಯಯುಗದ ಕ್ರೈಸ್ತ ಲೋಕದೃಷ್ಟಿ ಮತ್ತು ಹಳೆಯ ಗ್ರಂಥಗಳ ಓದು

ಗದಗ ಜಿಲ್ಲೆಯ ಲಕ್ಷ್ಮೇಶ್ವರ ತಾಲೂಕಿನ ಶಿಗ್ಲಿ ಗ್ರಾಮವು ಹಳೆಯ ಪುಲಿಗೆರೆ ನಾಡಿನಲ್ಲಿದೆ. ಇಂದಿನ ಲಕ್ಷ್ಮೇಶ್ವರವೇ ಅಂದಿನ ಪುಲಿಗೆರೆ. 9ನೇ ಶತಮಾನದ ಕವಿರಾಜಮಾರ್ಗವು ಕನ್ನಡದ ತಿರುಳು ಇರುವ ಸೀಮೆಯನ್ನು ಗುರುತಿಸುವಾಗ ಕಿಸುವೊಳಲು, ಕೊಪಣ, ಒಂಕುಂದಗಳ ಜೊತೆಗೆ ಈ ಪುಲಿಗೆರೆಯನ್ನೂ ಹೆಸರಿಸುತ್ತದೆ. 941ರಲ್ಲಿ ಆದಿಪುರಾಣವನ್ನು ಮುಗಿಸಿದ ಪಂಪನು ತನ್ನ ಕಾವ್ಯದ ಭಾಷೆ ಪುಲಿಗೆರೆಯ ತಿರುಳ್ಗನ್ನಡ ಎಂದು ಹೆಮ್ಮೆಯಿಂದ ಹೇಳಿಕೊಂಡಿದ್ದಾನೆ. ಸಮೀಪದ ಮುಳುಗುಂದದಲ್ಲಿ 1112ರ ಸುಮಾರಿಗೆ ನಯಸೇನನು ಧರ್ಮಾಮೃತವನ್ನು ರಚಿಸಿದನು. ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಕುಮಾರವ್ಯಾಸನು ಭಾರತವನ್ನು ಬರೆದನೆಂಬುದು ನಾಡಿಗೆಲ್ಲ ತಿಳಿದ ಮಾತು.

ಕರಾವಳಿಯ ಕಥೋಲಿಕ ಓದುಗರ ಮುಂದೆ ಬಯಲುಸೀಮೆಯ ಈ ಊರುಗಳನ್ನು ಪ್ರಸ್ತಾಪಿಸಲು ಕಾರಣವಿದೆ. ಆದಿಪುರಾಣವನ್ನು ಓದುವ ವಿದ್ಯಾರ್ಥಿಗೆ ಉಪಾಧ್ಯಾಯರು ಮೊದಲು ಜೈನ ಧರ್ಮದ ಕಾಲಚಕ್ರ, ಕರ್ಮ, ಭವಾವಳಿ, ಪಂಚಕಲ್ಯಾಣಗಳನ್ನು ವಿವರಿಸುತ್ತಾರೆ. ಓದುವವನು ಜೈನನಾಗಬೇಕಾಗಿಲ್ಲ. ಆದರೆ ಪಂಪನು ಯಾವ ಲೋಕದಲ್ಲಿ ನಿಂತು ಬರೆದನೋ ಆ ಲೋಕದ ಪರಿಚಯವಿಲ್ಲದೆ ಅವನ ಕಾವ್ಯ ಬಾಗಿಲು ತೆರೆಯುವುದಿಲ್ಲ. ಕನ್ನಡದ ಓದುಗರು ಜೈನ, ವೀರಶೈವ, ವೈಷ್ಣವ ಗ್ರಂಥಗಳ ವಿಷಯದಲ್ಲಿ ಈ ಸೌಜನ್ಯವನ್ನು ತಲೆಮಾರುಗಳಿಂದ ತೋರುತ್ತಾ ಬಂದಿದ್ದಾರೆ. ನಮ್ಮದೇ ಹಳೆಯ ಕ್ರೈಸ್ತ ಗ್ರಂಥಗಳ ವಿಷಯದಲ್ಲಿ ನಾವು ಅದನ್ನು ತೋರುತ್ತಿದ್ದೇವೆಯೇ?

ನಮ್ಮ ಹಿರಿಯರ ಗ್ರಂಥ

ಕರಾವಳಿಯ ಕೊಂಕಣಿ ಕಥೋಲಿಕರ ಹಳೆಯ ಗ್ರಂಥಗಳಲ್ಲಿ ಮುಖ್ಯವಾದುದು ಕ್ರಿಸ್ತಪುರಾಣ. ಇದರ ಕರ್ತೃ ಯೇಸುಸಭೆಯ ಫಾದರ್ ತೋಮಸ್ ಸ್ಟೀಫನ್ಸ್. 1549ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಇವರು 1579ರ ಅಕ್ಟೋಬರಿನಲ್ಲಿ ಗೋವಾ ತಲುಪಿ, 1619ರಲ್ಲಿ ಅಲ್ಲಿಯೇ ನಿಧನರಾದರು. ಕೊಂಕಣಿ ಬೆರೆತ ಮರಾಠಿಯಲ್ಲಿ, ಓವಿ ಛಂದಸ್ಸಿನಲ್ಲಿ ಬರೆದ ಈ ಪುರಾಣ 1616ರಲ್ಲಿ ಗೋವಾದ ರಾಯ್ತೂರಿನಲ್ಲಿ ರೋಮನ್ ಲಿಪಿಯಲ್ಲಿ ಅಚ್ಚಾಯಿತು. ಇದರಲ್ಲಿ ಎರಡು ಭಾಗಗಳಿವೆ. ಮೊದಲನೆಯ ಪುರಾಣವು ಸೃಷ್ಟಿಯಿಂದ ಆರಂಭಿಸಿ ಹಳೆಯ ಒಡಂಬಡಿಕೆಯ ಕಥೆಯನ್ನು 36 ಅಧ್ಯಾಯಗಳಲ್ಲಿ ಹೇಳುತ್ತದೆ. ಎರಡನೆಯದು ಯೇಸು ಸ್ವಾಮಿಯ ಚರಿತ್ರೆಯನ್ನು 59 ಅಧ್ಯಾಯಗಳಲ್ಲಿ ಹೇಳುತ್ತದೆ. ಒಟ್ಟು ಓವಿಗಳು 10,962.

1649 ಮತ್ತು 1654ರಲ್ಲಿ ಮರುಮುದ್ರಣವಾದರೂ ಆ ಕಾಲದ ಅಚ್ಚಿನ ಪ್ರತಿ ಒಂದೂ ಉಳಿದುಬಂದಿಲ್ಲ. ಗ್ರಂಥ ಉಳಿದದ್ದು ಕೈಬರಹದಲ್ಲಿ, ಮನೆಗಳಲ್ಲಿ, ಹಾಡುವವರ ನಾಲಿಗೆಯಲ್ಲಿ. 1784ರಲ್ಲಿ ಟಿಪ್ಪು ಸುಲ್ತಾನನ ಸೆರೆಗೆ ಸಿಕ್ಕಿ ಶ್ರೀರಂಗಪಟ್ಟಣಕ್ಕೆ ಹೋದ ಕೆನರಾ ಕ್ರೈಸ್ತರು 1799ರವರೆಗಿನ ಆ ಕಷ್ಟದ ದಿನಗಳಲ್ಲಿ ಕ್ರಿಸ್ತಪುರಾಣದಿಂದ ಸಾಂತ್ವನ ಪಡೆದರೆಂಬ ಹೇಳಿಕೆ ನಮ್ಮಲ್ಲಿ ಉಳಿದಿದೆ. ಕೈಬರಹದ ಪ್ರತಿಗಳನ್ನು ಹೋಲಿಸಿ ಜೋಸೆಫ್ ಎಲ್. ಸಲ್ಡಾನಾ ಅವರು ಸಂಪಾದಿಸಿದ ಆವೃತ್ತಿ 1907ರಲ್ಲಿ ಮಂಗಳೂರಿನ ಬೋಳಾರದಲ್ಲಿ ಮುದ್ರಣಗೊಂಡಿತು. ಲಂಡನ್ನಿನಲ್ಲಿ ದೇವನಾಗರಿ ಲಿಪಿಯ ಒಂದು ಹಸ್ತಪ್ರತಿಯೂ ಇದೆ.

ಇಂದು ಈ ಪುರಾಣವನ್ನು ತೆರೆದವರಲ್ಲಿ ಎರಡು ಬಗೆಯವರನ್ನು ಕಾಣುತ್ತೇವೆ. ಕೆಲವರು ದೇವದೂತರ ಶ್ರೇಣಿ, ಮೇಲಿನ ಲೋಕಗಳ ವರ್ಣನೆ ಮುಂತಾದವುಗಳನ್ನು ಓದಿ, ಇದೆಲ್ಲ ಅಜ್ಞಾನದ ಕಾಲದ ಕಟ್ಟುಕಥೆ ಎಂದು ಪುಸ್ತಕ ಮುಚ್ಚುತ್ತಾರೆ. ಇನ್ನು ಕೆಲವರು ಹಿರಿಯರು ಬರೆದದ್ದೆಲ್ಲವೂ ಅಕ್ಷರಶಃ ಸತ್ಯವೆಂದು ಹಿಡಿದು ವಾದಕ್ಕಿಳಿಯುತ್ತಾರೆ. ಮೊದಲನೆಯವರಿಗೆ ಹಿರಿಯರ ನಂಬಿಕೆ ಕೈತಪ್ಪಿ ಹೋಗುತ್ತದೆ. ಎರಡನೆಯವರ ಕೈಯಲ್ಲಿ ಅದು ಹೊಸ ತಿಳಿವಿಗೆ ಎದುರಾಗಿ ಮುರಿಯುತ್ತದೆ. ಬರೆದವರು ಯಾವ ಆಕಾಶದ ಕೆಳಗೆ ನಿಂತಿದ್ದರು ಎಂದು ಇಬ್ಬರೂ ಕೇಳಿಕೊಂಡಿಲ್ಲ.

ಮಧ್ಯಯುಗದವರು ಕಂಡ ಲೋಕ

ಯೂರೋಪಿನ ಇತಿಹಾಸದಲ್ಲಿ ಸುಮಾರು 5ರಿಂದ 15ನೇ ಶತಮಾನದವರೆಗಿನ ಕಾಲವನ್ನು ಮಧ್ಯಯುಗ ಎನ್ನುತ್ತಾರೆ. ಸ್ಟೀಫನ್ಸ್ ಅವರು ಇದರ ನಂತರದವರು. ಆದರೂ ಅವರು ಕಲಿತ ಲೋಕಚಿತ್ರ ಬಹುಮಟ್ಟಿಗೆ ಮಧ್ಯಯುಗದಿಂದ ಬಂದದ್ದೇ ಆಗಿತ್ತು.

ಆ ಕಾಲದವರು ಭೂಮಿ ಚಪ್ಪಟೆ ಎಂದು ನಂಬಿದ್ದರೆಂಬ ಮಾತು ತಪ್ಪು. 13ನೇ ಶತಮಾನದಲ್ಲಿ ಸಾಕ್ರೊಬೋಸ್ಕೊ ಬರೆದ ಖಗೋಳದ ಪಠ್ಯವು ಭೂಮಿ ಗುಂಡಗಿದೆ ಎಂದೇ ಕಲಿಸುತ್ತಿತ್ತು ಮತ್ತು ವಿಶ್ವವಿದ್ಯಾಲಯಗಳಲ್ಲಿ ಶತಮಾನಗಳ ಕಾಲ ಬಳಕೆಯಲ್ಲಿತ್ತು. ಅವರ ಚಿತ್ರದಲ್ಲಿ ಭೂಮಿ ನಡುವೆ ನಿಶ್ಚಲವಾಗಿದೆ. ಅದರ ಸುತ್ತ ಚಂದ್ರ, ಬುಧ, ಶುಕ್ರ, ಸೂರ್ಯ, ಮಂಗಳ, ಗುರು, ಶನಿ ಎಂಬ ಏಳು ಗ್ರಹಗಳ ಗೋಳಗಳು ಒಂದರ ಹೊರಗೆ ಒಂದು ಸುತ್ತುತ್ತವೆ. ವಾರದ ಏಳು ದಿನಗಳ ಹೆಸರಿನಲ್ಲಿ ನಾವು ಇಂದಿಗೂ ಎಣಿಸುವ ಗ್ರಹಗಳೇ ಇವು. ಅವುಗಳಾಚೆ ನಕ್ಷತ್ರಗಳ ಗೋಳ, ಎಲ್ಲವನ್ನೂ ತಿರುಗಿಸುವ ಹೊರಗೋಳ, ಅದರಾಚೆ ದೇವರ ಬೆಳಕಿನ ಪರಲೋಕ. 1321ರಲ್ಲಿ ತೀರಿಕೊಂಡ ಇಟಲಿಯ ಕವಿ ದಾಂತೆಯ ಮಹಾಕಾವ್ಯದಲ್ಲಿ ಕವಿಯು ಗೋಳದಿಂದ ಗೋಳಕ್ಕೆ ಏರುತ್ತಾ ದೇವದರ್ಶನದವರೆಗೆ ಹೋಗುವುದು ಈ ನಕ್ಷೆಯಂತೆಯೇ.

ಈ ನಕ್ಷೆಯಲ್ಲಿ ಬರಿಯ ಜಾಗವೆಂಬುದು ಎಲ್ಲಿಯೂ ಇರಲಿಲ್ಲ. ದೇವರಿಂದ ಹುಳುವಿನವರೆಗೆ ಸೃಷ್ಟಿಯೆಲ್ಲ ಒಂದು ಏಣಿಯಂತೆ ಜೋಡಣೆಗೊಂಡಿತ್ತು. ಸುಮಾರು 500ನೇ ಇಸವಿಯಲ್ಲಿ ದಿಯೋನಿಸಿಯಸ್ ಎಂಬ ಹೆಸರಿನಲ್ಲಿ ಬರೆದ ಲೇಖಕರೊಬ್ಬರು ದೇವದೂತರನ್ನು ಒಂಬತ್ತು ಗಣಗಳಾಗಿ ವಿಂಗಡಿಸಿದ್ದರು. ಕೆಳಗೆ ಮಣ್ಣು, ನೀರು, ಗಾಳಿ, ಬೆಂಕಿ ಎಂಬ ನಾಲ್ಕು ಭೂತಗಳು; ಮನುಷ್ಯನ ದೇಹದಲ್ಲಿ ನಾಲ್ಕು ರಸಗಳು. ವಾತ, ಪಿತ್ತ, ಕಫಗಳ ಮಾತು ಕೇಳಿ ಬೆಳೆದ ನಮಗೆ ಈ ಬಗೆಯ ವಿಚಾರ ಅಪರಿಚಿತವಲ್ಲ.

ಕಾಲದ ಕಲ್ಪನೆಯಲ್ಲಿ ಮಾತ್ರ ವ್ಯತ್ಯಾಸ ದೊಡ್ಡದು. ಜೈನರ ಕಾಲವು ಚಕ್ರ. ಅವಸರ್ಪಿಣಿಯಲ್ಲಿ ಆರು, ಉತ್ಸರ್ಪಿಣಿಯಲ್ಲಿ ಆರು ಎಂದು ವಿಭಾಗಗೊಂಡು ಮತ್ತೆ ಮತ್ತೆ ತಿರುಗುತ್ತದೆ. ಸಂತ ಅಗಸ್ಟೀನರೂ ಲೋಕದ ಇತಿಹಾಸವನ್ನು ಆರು ಯುಗಗಳಾಗಿ ಎಣಿಸಿದರು. ಆದಾಮನಿಂದ ನೋವನವರೆಗೆ, ನೋವನಿಂದ ಅಬ್ರಹಾಮನವರೆಗೆ, ಹೀಗೆ ಸಾಗಿ ಆರನೆಯದು ಕ್ರಿಸ್ತರಿಂದ ಲೋಕಾಂತ್ಯದವರೆಗೆ. ಆದರೆ ಈ ಕಾಲ ಒಂದು ದಾರಿ. ಸೃಷ್ಟಿಯಲ್ಲಿ ಹೊರಟು ಕಡೆಯ ತೀರ್ಪಿನಲ್ಲಿ ಮುಗಿಯುತ್ತದೆ, ತಿರುಗಿ ಬರುವುದಿಲ್ಲ. ಮನುಷ್ಯನಿಗೆ ಜನ್ಮ ಒಂದೇ. ಹಳೆಯ ಕ್ರೈಸ್ತ ಬರಹಗಳಲ್ಲಿ ಕಾಣುವ ಅವಸರ, ಮರಣದ ಗಳಿಗೆಯ ಕುರಿತ ಅಷ್ಟೊಂದು ಕಾಳಜಿ, ಸತ್ತವರಿಗಾಗಿ ಪ್ರಾರ್ಥನೆ ಎಲ್ಲವೂ ಈ ಒಂದು ನಂಬಿಕೆಯಿಂದ ಹುಟ್ಟಿದವು.

ಒಂದು ಮಾತಿಗೆ ನಾಲ್ಕು ಅರ್ಥ

ಮಧ್ಯಯುಗದ ಕ್ರೈಸ್ತನು ಪವಿತ್ರ ಗ್ರಂಥವನ್ನು ಓದುವಾಗ ನಾಲ್ಕು ಅರ್ಥಗಳನ್ನು ಹುಡುಕುತ್ತಿದ್ದನು. 5ನೇ ಶತಮಾನದ ಸನ್ಯಾಸಿ ಕಾಸಿಯನ್ ಇದಕ್ಕೆ ಜೆರುಸಲೇಮಿನ ಉದಾಹರಣೆ ಕೊಟ್ಟಿದ್ದಾರೆ. ಅಕ್ಷರಾರ್ಥದಲ್ಲಿ ಅದು ಯೆಹೂದ್ಯರ ನಗರ. ಸಾಂಕೇತಿಕ ಅರ್ಥದಲ್ಲಿ ಕ್ರಿಸ್ತರ ಧರ್ಮಸಭೆ. ನೈತಿಕ ಅರ್ಥದಲ್ಲಿ ಮನುಷ್ಯನ ಆತ್ಮ. ಅಂತಿಮ ಗುರಿಯ ಅರ್ಥದಲ್ಲಿ ಸ್ವರ್ಗದ ನಗರ.

ಇದು ಮನಬಂದಂತೆ ಅರ್ಥ ಹಚ್ಚುವ ಆಟವಲ್ಲ. ಉಳಿದ ಮೂರೂ ಅರ್ಥಗಳು ಅಕ್ಷರಾರ್ಥದ ಅಡಿಪಾಯದ ಮೇಲೆಯೇ ನಿಲ್ಲಬೇಕೆಂದು 13ನೇ ಶತಮಾನದಲ್ಲಿ ಸಂತ ತೋಮಸ್ ಅಕ್ವಿನಾಸ್ ಖಚಿತವಾಗಿ ಹೇಳಿದರು. ಇದು ಮಧ್ಯಯುಗದಲ್ಲಿ ಹುಟ್ಟಿದ ಪದ್ಧತಿಯೂ ಅಲ್ಲ. ಮತ್ತಾಯನ ಶುಭಸಂದೇಶದ 12ನೇ ಅಧ್ಯಾಯದಲ್ಲಿ ಯೇಸು ಸ್ವಾಮಿಯೇ ಯೋನನು ಮೀನಿನ ಹೊಟ್ಟೆಯಲ್ಲಿದ್ದ ಮೂರು ದಿನಗಳನ್ನು ತಮ್ಮ ಮರಣಕ್ಕೆ ಹೋಲಿಸುತ್ತಾರೆ. ನಾವೂ ಪ್ರತಿ ವರ್ಷ ಪಾಸ್ಖ ಜಾಗರಣೆಯ ರಾತ್ರಿ ಇಸ್ರಯೇಲರು ಕೆಂಪು ಸಮುದ್ರ ದಾಟಿದ ವಾಚನವನ್ನು ಕೇಳಿ, ನಂತರ ಜ್ಞಾನಸ್ನಾನದ ವಾಗ್ದಾನಗಳನ್ನು ನವೀಕರಿಸುತ್ತೇವೆ. ಸಮುದ್ರದ ನೀರಿನಲ್ಲಿ ಜ್ಞಾನಸ್ನಾನದ ನೀರನ್ನು ಕಾಣುವ ಆ ದೃಷ್ಟಿಯೇ ಇದು.

ಪ್ರಾಣಿಪಕ್ಷಿಗಳನ್ನೂ ಅವರು ಹೀಗೆಯೇ ಓದಿದರು. ಹೆಜ್ಜಾರ್ಲೆ ಹಕ್ಕಿ ತನ್ನ ಎದೆಯನ್ನು ಕುಕ್ಕಿ ರಕ್ತದಿಂದ ಮರಿಗಳನ್ನು ಬದುಕಿಸುತ್ತದೆ ಎಂದು ಅವರ ಪ್ರಾಣಿಗ್ರಂಥಗಳು ಹೇಳುತ್ತವೆ. ಅದು ಶಿಲುಬೆಯ ಮೇಲಿನ ಕ್ರಿಸ್ತರ ಗುರುತು. ಪರಮಪ್ರಸಾದದ ಪೆಟ್ಟಿಗೆಯ ಮೇಲೆ ಈ ಹಕ್ಕಿಯ ಚಿತ್ರ ಕಂಡುಬರುವುದು ಇದೇ ಕಾರಣಕ್ಕೆ. ಹಕ್ಕಿ ನಿಜವಾಗಿ ಹಾಗೆ ಮಾಡುವುದಿಲ್ಲ. ಶಿಗ್ಲಿಗೆ ದೂರವಲ್ಲದ ಮಾಗಡಿ ಕೆರೆಗೆ ಪ್ರತಿ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. 2024ರಲ್ಲಿ ಆ ಕೆರೆ ರಾಮ್ಸರ್ ತಾಣಗಳ ಪಟ್ಟಿಗೂ ಸೇರಿತು. ಹಂಸವು ನೀರನ್ನು ಬಿಟ್ಟು ಹಾಲನ್ನು ಮಾತ್ರ ಹೀರುತ್ತದೆ ಎಂದು ನಮ್ಮ ಕವಿಗಳು ಹೇಳಿದ್ದಾರೆಂದು ಯಾರೂ ಅಲ್ಲಿಗೆ ಹಾಲಿನ ಬಟ್ಟಲು ಒಯ್ದು ಪರೀಕ್ಷಿಸುವುದಿಲ್ಲ. ಹಂಸಕ್ಷೀರ ನ್ಯಾಯವು ವಿವೇಕದ ಮಾತೆಂದು ನಮಗೆ ಗೊತ್ತು. ಅದೇ ರಿಯಾಯಿತಿಯನ್ನು ಹೆಜ್ಜಾರ್ಲೆಗೂ ಕೊಡಬೇಕು.

ಬಾವಿಯಲ್ಲಿ ತೂಗುವ ಮನುಷ್ಯ

ಲೋಕದೃಷ್ಟಿ ಬದಲಾದಾಗ ಅರ್ಥ ಹೇಗೆ ಬದಲಾಗುತ್ತದೆ ಎಂಬುದಕ್ಕೆ ಒಂದು ಕಥೆಯನ್ನು ನೋಡೋಣ. ಮಹಾಭಾರತದ ಸ್ತ್ರೀಪರ್ವದಲ್ಲಿ ವಿದುರನು ಧೃತರಾಷ್ಟ್ರನಿಗೆ ಇದನ್ನು ಹೇಳುತ್ತಾನೆ. ಕಾಡಿನಲ್ಲಿ ದಾರಿ ತಪ್ಪಿದವನೊಬ್ಬನು ಬಾವಿಗೆ ಬಿದ್ದು ಬಳ್ಳಿಗೆ ಸಿಕ್ಕಿ ತೂಗುತ್ತಿದ್ದಾನೆ. ಕೆಳಗೆ ಹಾವು, ಮೇಲೆ ಆರು ಮುಖ, ಹನ್ನೆರಡು ಕಾಲಿನ ಆನೆ. ಕಪ್ಪು ಬಿಳುಪಿನ ಇಲಿಗಳು ಆಸರೆಯನ್ನು ಕಡಿಯುತ್ತಿವೆ. ಅವನಾದರೋ ಮೇಲಿನ ಜೇನುಹುಟ್ಟಿನಿಂದ ತೊಟ್ಟಿಕ್ಕುವ ಜೇನಿನ ಹನಿಗೆ ಬಾಯೊಡ್ಡುತ್ತಿದ್ದಾನೆ. ಇಲಿಗಳೆಂದರೆ ಹಗಲು ರಾತ್ರಿ, ಆನೆಯೆಂದರೆ ಆರು ಋತು ಹನ್ನೆರಡು ತಿಂಗಳ ವರ್ಷ, ಹಾವೆಂದರೆ ಕಾಲ. ಜೈನರಲ್ಲಿ ಇದೇ ಕಥೆ ಮಧುಬಿಂದು ದೃಷ್ಟಾಂತವೆಂದು ಪ್ರಸಿದ್ಧ. ಅಲ್ಲಿ ಬರುವ ನಾಲ್ಕು ಹಾವುಗಳು ಕ್ರೋಧ, ಮಾನ, ಮಾಯೆ, ಲೋಭ ಎಂಬ ನಾಲ್ಕು ಕಷಾಯಗಳು.

ಇದೇ ಕಥೆ ಮಧ್ಯಯುಗದ ಯೂರೋಪಿನ ಜನಪ್ರಿಯ ಗ್ರಂಥವಾದ ಬಾರ್ಲಾಮ್ ಮತ್ತು ಯೋಸಫಾತರ ಕಥೆಯಲ್ಲಿ ಬರುತ್ತದೆ. ಆನೆಯ ಬದಲಿಗೆ ಒಂಟಿಕೊಂಬಿನ ಮೃಗ, ಅದು ಮರಣ. ನಾಲ್ಕು ಹಾವುಗಳು ದೇಹದ ನಾಲ್ಕು ಭೂತಗಳು. ಇಲಿಗಳು ಅಲ್ಲಿಯೂ ಹಗಲು ರಾತ್ರಿಗಳೇ. ಆದರೆ ತಳದಲ್ಲಿ ಬಾಯಿ ತೆರೆದ ಘೋರ ಸರ್ಪವು ನರಕ. ಮಹಾಭಾರತದಲ್ಲಿ ಕಾಲ ನುಂಗುತ್ತದೆ. ಕ್ರೈಸ್ತ ಕಥೆಯಲ್ಲಿ ಒಂದೇ ಜನ್ಮದ ಕೊನೆಗೆ ತೀರ್ಪು ಕಾದಿದೆ. ಚಿತ್ರ ಒಂದೇ, ಆಕಾಶ ಬೇರೆ.

ಇನ್ನೂ ಸ್ವಾರಸ್ಯದ ಸಂಗತಿಯೆಂದರೆ ಯೋಸಫಾತನ ಕಥೆ ಮೂಲದಲ್ಲಿ ಬುದ್ಧನ ಕಥೆ. ಬೋಧಿಸತ್ವ ಎಂಬ ಹೆಸರೇ ಭಾಷೆಯಿಂದ ಭಾಷೆಗೆ ಸಾಗುತ್ತಾ ಯೋಸಫಾತ ಆಯಿತು. ಅರಮನೆ ತೊರೆದ ರಾಜಕುಮಾರನ ಕಥೆಯನ್ನು ಕೇಳಿದ ಮಧ್ಯಯುಗದವರು ಅವನು ಕ್ರೈಸ್ತ ಸಂತನೇ ಇರಬೇಕೆಂದು ಭಾವಿಸಿದರು. 16ನೇ ಶತಮಾನದ ರೋಮನ್ ಸಂತಾವಳಿಯಲ್ಲಿ ನವೆಂಬರ್ 27ರಂದು ಅವನ ಹೆಸರೂ ಸೇರಿತು. 19ನೇ ಶತಮಾನದಲ್ಲಿ ವಿದ್ವಾಂಸರು ಮೂಲವನ್ನು ತೋರಿಸಿಕೊಟ್ಟರು.

ಕ್ರಿಸ್ತಪುರಾಣವನ್ನು ತೆರೆದಾಗ

ಈ ಸಿದ್ಧತೆಯೊಡನೆ ಕ್ರಿಸ್ತಪುರಾಣಕ್ಕೆ ಹಿಂತಿರುಗಿದರೆ ಅದರ ವಿನ್ಯಾಸ ಸ್ಪಷ್ಟವಾಗುತ್ತದೆ. ಮೊದಲನೆಯ ಪುರಾಣವು ಯೆಹೂದ್ಯರ ಇತಿಹಾಸವನ್ನು ಇತಿಹಾಸಕ್ಕಾಗಿ ಹೇಳುವುದಿಲ್ಲ. ಅದು ಬರಲಿರುವ ರಕ್ಷಕನ ಪೀಠಿಕೆ. ಕುಮಾರವ್ಯಾಸನು ಪಾಂಡವ ಕೌರವರ ಯುದ್ಧವನ್ನು ಹೇಳುತ್ತಲೇ ತಾನು ಹೇಳುತ್ತಿರುವುದು ಕೃಷ್ಣನ ಕಥೆಯೆಂದು ತಿಳಿಸುತ್ತಾನಲ್ಲವೇ? ಗದುಗಿನ ಸೀಮೆಯ ಓದುಗನಿಗೆ ಇದನ್ನು ವಿವರಿಸಬೇಕಾಗಿಲ್ಲ. ಸ್ಟೀಫನ್ಸ್ ಅವರೂ ಅಬ್ರಹಾಮ, ಮೋಶೆ, ದಾವೀದರ ಕಥೆಯನ್ನು ಹೇಳುತ್ತಲೇ ಕ್ರಿಸ್ತರ ಕಥೆಯನ್ನು ಹೇಳುತ್ತಾರೆ.

ಎರಡನೆಯದು ಭಾಷೆಯ ಸಂಗತಿ. ಸ್ಟೀಫನ್ಸ್ ಅವರು ಸ್ವರ್ಗವನ್ನು ವೈಕುಂಠ ಎಂದು ಕರೆಯುತ್ತಾರೆ. ಪುರಾಣ ಎಂಬ ಹೆಸರು, ಓವಿ ಛಂದಸ್ಸು, ಗುರುವನ್ನು ಶಿಷ್ಯರು ಪ್ರಶ್ನಿಸುವ ರೀತಿ ಎಲ್ಲವೂ ಈ ನೆಲದವು. ಹೊಸದಾಗಿ ಕ್ರೈಸ್ತರಾದವರು ಹಿಂದಿನ ಪುರಾಣಗಳ ಜಾಗದಲ್ಲಿ ಓದಲು ಒಂದನ್ನು ಬಯಸಿದ್ದರು ಎಂಬುದು ಗ್ರಂಥದಿಂದಲೇ ತಿಳಿಯುತ್ತದೆ. ಯೂರೋಪಿನ ಆಕಾಶ ಈ ಮಣ್ಣಿನ ಮಾತಿನಲ್ಲಿ ಇಳಿದಿದೆ. ಆದ್ದರಿಂದ ಇದನ್ನು ಓದುವವನಿಗೆ ಎರಡೂ ಲೋಕಗಳ ಪರಿಚಯ ಬೇಕು. ವೈಕುಂಠ ಎಂಬ ಮಾತು ಕಂಡು ಸಿಟ್ಟಾಗುವ ಕ್ರೈಸ್ತನೂ ನಗುವ ಇತರರೂ ಗ್ರಂಥದ ಹೊಸ್ತಿಲಲ್ಲೇ ನಿಂತುಬಿಡುತ್ತಾರೆ.

ಒಂದು ಎಚ್ಚರಿಕೆ

ಮಧ್ಯಯುಗದ ದೃಷ್ಟಿಯಿಂದ ಆ ಕಾಲದ ಕ್ರೈಸ್ತ ಗ್ರಂಥವನ್ನು ಓದುವುದು ನ್ಯಾಯ. ಅದೇ ಕನ್ನಡಕವನ್ನು ಹಾಕಿಕೊಂಡು ಇತರರ ಗ್ರಂಥಗಳನ್ನು ಓದಿದರೆ ಅನ್ಯಾಯವಾಗಬಹುದು. ಮಧ್ಯಯುಗದವರು ರೋಮಿನ ಕವಿ ವರ್ಜಿಲನು ಕ್ರಿಸ್ತಪೂರ್ವದಲ್ಲಿ ಒಂದು ಮಗುವಿನ ಜನನದ ಕುರಿತು ಬರೆದ ಕವಿತೆಯನ್ನು ಯೇಸುವಿನ ಕುರಿತ ಭವಿಷ್ಯವಾಣಿ ಎಂದೇ ನಂಬಿದ್ದರು.

ಈ ರೂಢಿ ನಮ್ಮ ನಾಡಿಗೂ ಬಂದದ್ದುಂಟು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನಿನವರು 1837ರಲ್ಲಿ ಧಾರವಾಡದಲ್ಲಿ, 1841ರಲ್ಲಿ ಬೆಟಗೇರಿಯಲ್ಲಿ ನೆಲೆಯೂರಿದರು. ಅವರು ಪ್ರಾಟೆಸ್ಟೆಂಟರು, ಕಾಲವೂ 19ನೇ ಶತಮಾನ. ಆದರೆ ಓದುವ ಅಭ್ಯಾಸ ಮಾತ್ರ ಹಳೆಯದೇ. 1840ರ ಸುಮಾರಿಗೆ ಆ ಭಾಗದಲ್ಲಿ ಕಾಲಜ್ಞಾನದ ಗ್ರಂಥಗಳನ್ನು ನಂಬಿದ ಜನರು ಮಿಷನರಿಗಳನ್ನು ಕಾಣಬಂದರು. ತಮ್ಮ ಗ್ರಂಥಗಳಲ್ಲಿ ಹೇಳಿದ ಹೊಸ ಕಾಲ ಬರಲಿದೆ ಎಂಬುದು ಅವರ ನಿರೀಕ್ಷೆಯಾಗಿತ್ತು. ಮಿಷನರಿಗಳು ಅದನ್ನು ಕ್ರಿಸ್ತರ ಕುರಿತ ಮುನ್ಸೂಚನೆ ಎಂದು ಓದಿದರು. ಗದಗದ ಬಳಿಯ ಮಲಸಮುದ್ರದಲ್ಲಿ ಅವರಿಗಾಗಿ ಒಂದು ನೆಲೆಯನ್ನೂ ಕಟ್ಟಿದರು. ಆದರೆ ನಿರೀಕ್ಷಿಸಿದಂತೆ ಜನ ಗುಂಪಾಗಿ ಕ್ರೈಸ್ತರಾಗಲಿಲ್ಲ.

ಕಾರಣ ಊಹಿಸುವುದು ಕಷ್ಟವಲ್ಲ. ಕಾಲಜ್ಞಾನದ ವಚನಗಳಿಗೆ ತಮ್ಮದೇ ಆದ ಲೋಕವಿದೆ. ವೀರವಸಂತರಾಯನೆಂಬ ಅರಸನು ಬರುವನು, ಶರಣರ ಕಲ್ಯಾಣ ಮತ್ತೆ ಬೆಳಗುವುದು ಎಂಬುದು ಅಲ್ಲಿನ ಆಸೆ. ಕಲ್ಯಾಣದ ಕಡೆಗೆ ಮುಖಮಾಡಿದ ಗ್ರಂಥವನ್ನು ಜೆರುಸಲೇಮಿನ ಕಡೆಗೆ ತಿರುಗಿಸಿ ಓದಿದಾಗ ಎರಡೂ ಕಡೆಯವರಿಗೆ ನಿರಾಶೆಯಾಯಿತು. ಮಿಷನರಿಗಳ ಪ್ರಾಮಾಣಿಕತೆಯನ್ನು ನಾವು ಶಂಕಿಸುತ್ತಿಲ್ಲ. ಎದುರಿಗಿದ್ದವರ ಗ್ರಂಥ ಅವರದೇ ಆಕಾಶದ ಕೆಳಗೆ ಏನು ಹೇಳುತ್ತದೆ ಎಂದು ಮೊದಲು ಕೇಳಬೇಕಿತ್ತು ಎಂದಷ್ಟೇ ಹೇಳುತ್ತೇವೆ.

ಧರ್ಮಸಭೆ ಕಲಿತ ಪಾಠ

ಕ್ರಿಸ್ತಪುರಾಣ ಅಚ್ಚಾದ 1616ರಲ್ಲಿಯೇ ರೋಮಿನಲ್ಲಿ ಇನ್ನೊಂದು ಘಟನೆ ನಡೆಯಿತು. ಭೂಮಿಯೇ ಸೂರ್ಯನನ್ನು ಸುತ್ತುತ್ತದೆ ಎಂದು ವಾದಿಸಿದ ಕೊಪರ್ನಿಕಸನ ಗ್ರಂಥವನ್ನು ತಿದ್ದುವವರೆಗೆ ಓದಬಾರದೆಂದು ಆ ವರ್ಷದ ಮಾರ್ಚಿನಲ್ಲಿ ಆಜ್ಞೆ ಹೊರಟಿತು. ಏಳು ಗೋಳಗಳ ಚಿತ್ರವನ್ನೇ ವಿಶ್ವಾಸದ ಸತ್ಯವೆಂದು ತಿಳಿದದ್ದರ ಬೆಲೆಯನ್ನು ಗೆಲಿಲಿಯೋ ತೆತ್ತನು. 1992ರ ಅಕ್ಟೋಬರ್ 31ರಂದು ಜಗದ್ಗುರು ಎರಡನೇ ಜಾನ್ ಪೌಲರು ಆ ಪ್ರಕರಣದಲ್ಲಿ ಅಂದಿನ ದೈವಶಾಸ್ತ್ರಜ್ಞರು ತಪ್ಪಿದ್ದನ್ನು ಬಹಿರಂಗವಾಗಿ ಒಪ್ಪಿಕೊಂಡರು.

ಈ ನಡುವೆ ಧರ್ಮಸಭೆಯ ಬೋಧನೆಯೂ ಸ್ಪಷ್ಟಗೊಂಡಿತ್ತು. ಪವಿತ್ರ ಗ್ರಂಥವನ್ನು ಓದುವವರು ಬರೆದವನ ಕಾಲ, ಸಂಸ್ಕೃತಿ, ಅವನು ಬಳಸಿದ ಸಾಹಿತ್ಯ ಪ್ರಕಾರಗಳನ್ನು ಗಮನಿಸಬೇಕೆಂದು 1943ರಲ್ಲಿ ಜಗದ್ಗುರು ಹನ್ನೆರಡನೇ ಪಿಯುಸ್ ಅವರೂ, 1965ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆಯೂ ತಿಳಿಸಿದವು. ಹಾಗೆಂದು ಹಳೆಯದನ್ನು ಎಸೆಯಲಿಲ್ಲ. 1992ರ ಕಥೋಲಿಕ ಧರ್ಮೋಪದೇಶವು ನಾಲ್ಕು ಅರ್ಥಗಳನ್ನು ಮತ್ತೆ ನೆನಪಿಸುತ್ತದೆ.

ಇದರಿಂದ ನಮ್ಮ ಓದುಗರು ಮೂರು ಪ್ರಶ್ನೆಗಳನ್ನು ಜೊತೆಗಿಟ್ಟುಕೊಳ್ಳಬಹುದು. ಹಳೆಯ ಗ್ರಂಥದ ಯಾವುದೇ ಪುಟದಲ್ಲಿ ತೊಡಕು ಕಂಡಾಗ, ಇದು ಬರೆದವನ ಕಾಲದ ಲೋಕಚಿತ್ರವೋ ಅಥವಾ ಅದರ ಮೂಲಕ ಹೇಳಹೊರಟ ಸಂದೇಶವೋ ಎಂದು ಮೊದಲು ಕೇಳಿಕೊಳ್ಳಬೇಕು. ಈ ಮಾತು ಅಕ್ಷರಾರ್ಥದಲ್ಲಿ ಬಂದಿದೆಯೋ ಗುರುತಾಗಿ ಬಂದಿದೆಯೋ ಎಂಬುದು ಎರಡನೆಯದು. ಈ ಗ್ರಂಥ ನಮ್ಮದಲ್ಲದಿದ್ದರೆ ಅದನ್ನು ಪೂಜ್ಯವೆಂದು ಓದುವವರು ಏನೆಂದು ತಿಳಿಯುತ್ತಾರೆ ಎಂಬುದು ಮೂರನೆಯದು.

ಕ್ರಿಸ್ತಪುರಾಣವನ್ನು ಸಲೇಷಿಯನ್ ಸಭೆಯ ಫಾದರ್ ನೆಲ್ಸನ್ ಫಾಲ್ಕಾವ್ ಅವರು 2009ರಲ್ಲಿ ಇಂದಿನ ಮರಾಠಿಗೂ, 2012ರಲ್ಲಿ ಇಂಗ್ಲಿಷಿಗೂ ತಂದಿದ್ದಾರೆ. ಆದ್ದರಿಂದ ಭಾಷೆ ಬಾರದೆಂಬ ನೆಪ ಈಗ ಅಷ್ಟಾಗಿ ಉಳಿದಿಲ್ಲ. ಮನೆಯಲ್ಲಿ ಅಜ್ಜಿಯ ಪೆಟ್ಟಿಗೆಯಲ್ಲಿ ಹಳೆಯ ಪ್ರಾರ್ಥನೆಯ ಪುಸ್ತಕ, ಕೈಬರಹದ ಹಾಡುಗಳಿದ್ದರೆ ಅವನ್ನು ಗೆದ್ದಲಿಗೆ ಬಿಡದೆ ಹೊರತೆಗೆಯಬೇಕು. ಪಂಪನನ್ನು ಓದಲು ಪುಲಿಗೆರೆ ನಾಡಿನ ಮಕ್ಕಳು ಜೈನರ ಕಾಲಚಕ್ರವನ್ನು ಕಲಿಯುತ್ತಾರೆ. ನಮ್ಮ ಹಿರಿಯರನ್ನು ಓದಲು ನಾವು ಏಳು ಗೋಳಗಳನ್ನೂ ಒಂಬತ್ತು ಗಣಗಳನ್ನೂ ಕಲಿತರೆ ನಷ್ಟವೇನಿಲ್ಲ. ಅವರ ಆಕಾಶ ನಮ್ಮದಲ್ಲದಿರಬಹುದು. ಆದರೆ ಅದನ್ನು ನೋಡುತ್ತಾ ಅವರು ಮಾಡಿದ ಪ್ರಾರ್ಥನೆ ನಮ್ಮದೂ ಹೌದು.